ಥೈರಾಯ್ಡ್ ಮಾತ್ರೆ, ಬೆಳಗಿನ ಕ್ಯಾಬ್, ಇಡೀ ದಿನ ಕುರ್ಚಿ: ಇವನ್ನು ಹೊಂದಿಸಿಕೊಳ್ಳುವುದು ಹೇಗೆ?

ಬನಶಂಕರಿ ನಿವಾಸಿ:

ಎಲ್ಲರಿಗೂ ನಮಸ್ಕಾರ. ನನಗೆ 39 ವರ್ಷ. ಬೆಳ್ಳಂದೂರಿನ ಕಚೇರಿಯೊಂದರಲ್ಲಿ ಸಂಬಳದ ಲೆಕ್ಕ ನೋಡಿಕೊಳ್ಳುವ ವಿಭಾಗದಲ್ಲಿದ್ದೇನೆ. ತಿಂಗಳ ಕೊನೆಯ ವಾರವಂತೂ ಊಟಕ್ಕೂ ಮೇಜು ಬಿಟ್ಟು ಏಳುವುದು ಕಷ್ಟ. ಥೈರಾಯ್ಡ್ ಕಡಿಮೆ ಇದೆಯೆಂದು ಕಳೆದ ವರ್ಷ ತಿಳಿದಾಗಿನಿಂದ ದಿನಕ್ಕೆ 75 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ ತೆಗೆದುಕೊಳ್ಳುತ್ತಿದ್ದೇನೆ. ಟಿಎಸ್‌ಎಚ್, ಅಂದರೆ ಥೈರಾಯ್ಡ್ ಕಡಿಮೆಯಾದಾಗ ರಕ್ತದಲ್ಲಿ ಏರುವ ಹಾರ್ಮೋನು, ಬೇಸಿಗೆಯಲ್ಲಿ 3.1ಕ್ಕೆ ಇಳಿದಿತ್ತು. ಮಾತ್ರೆಯೂ ಅದೇ, ಪ್ರಮಾಣವೂ ಅದೇ, ಆದರೂ ಈಗ 6.8 ಬಂದಿದೆ.

ಕ್ಯಾಬ್ ಬೆಳಿಗ್ಗೆ ಆರೂಮುಕ್ಕಾಲಿಗೆ ಬರುತ್ತದೆ. ಈಚೆಗೆ ಪಾಳಿ ಬದಲಾದ ಮೇಲೆ ಆರು ಗಂಟೆಗೆ ಮಾತ್ರೆ ನುಂಗಿ, ಕಾಲು ಗಂಟೆಯೊಳಗೆ ಕಾಫಿ, ತಿಂಡಿ ಮತ್ತು ಕ್ಯಾಲ್ಸಿಯಂ ಮಾತ್ರೆ ಎಲ್ಲವನ್ನೂ ಮುಗಿಸಿ ಹೊರಡಬೇಕಾಗಿದೆ. ಮಧ್ಯಾಹ್ನ ಮೂರರ ಹೊತ್ತಿಗೆ ಕಣ್ಣು ಎಳೆಯುತ್ತದೆ, ಎ.ಸಿ.ಯ ಕೆಳಗೆ ಶಾಲು ಹೊದ್ದು ಕೂರುತ್ತೇನೆ, ರಾತ್ರಿ ಬಲಗೈ ಬೆರಳುಗಳು ಜೋಮು ಹಿಡಿದು ಎಚ್ಚರವಾಗುತ್ತದೆ. ತೂಕವೂ ಇಳಿದಿಲ್ಲ. ಪ್ರಮಾಣವನ್ನು 100ಕ್ಕೆ ಏರಿಸಬೇಕಾಗಬಹುದೆಂದು ವೈದ್ಯರು ಫೋನಿನಲ್ಲಿ ಹೇಳಿದ್ದಾರೆ. ಮುಂದಿನ ವಾರ ಭೇಟಿಯಿದೆ. ಇದರಲ್ಲಿ ಥೈರಾಯ್ಡ್‌ನ ಪಾಲೆಷ್ಟು, ಕುರ್ಚಿಯ ಪಾಲೆಷ್ಟು ಎಂದು ತಿಳಿಯುವುದು ಹೇಗೆ?

ನಿವೃತ್ತ ಫಾರ್ಮಸಿಸ್ಟ್, ಮಲ್ಲೇಶ್ವರಂ:

ಮೇಡಂ, ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಟಿಎಸ್‌ಎಚ್‌ಗಿಂತ ಆ ಕಾಲು ಗಂಟೆ. ಲೆವೊಥೈರಾಕ್ಸಿನ್ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನೊಂದಿಗೆ ಮಾತ್ರ ಚೆನ್ನಾಗಿ ಹೀರಿಕೆಯಾಗುವ ಔಷಧ. ಅದಾದ ಮೇಲೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ, ಏನನ್ನೂ ಸೇವಿಸಬಾರದು; ಕಾಫಿಯೂ ಹೀರಿಕೆಯನ್ನು ತಗ್ಗಿಸುತ್ತದೆ ಎನ್ನುವುದನ್ನು ಬೆಳಗಾದರೆ ಫಿಲ್ಟರ್ ಹತ್ತಿರ ನಿಲ್ಲುವ ನಮ್ಮೂರಿನ ಜನ ಒಪ್ಪುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ನಿಮ್ಮ ಕ್ಯಾಲ್ಸಿಯಂ. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆ ಮತ್ತು ಅಸಿಡಿಟಿಗೆ ಕುಡಿಯುವ ಔಷಧಗಳು ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆಯನ್ನು ಹಿಡಿದಿಟ್ಟುಬಿಡುತ್ತವೆ, ಆದ್ದರಿಂದ ಇವೆರಡರ ನಡುವೆ ನಾಲ್ಕು ಗಂಟೆಯ ಅಂತರವಿರಬೇಕು. ಕ್ಯಾಲ್ಸಿಯಂ ಅನ್ನು ಮಧ್ಯಾಹ್ನದ ಊಟಕ್ಕೆ ವರ್ಗಾಯಿಸಿ.

ಐದಕ್ಕೇ ಏಳಲಾಗದಿದ್ದರೆ ಇನ್ನೊಂದು ದಾರಿಯಿದೆ: ರಾತ್ರಿ ಊಟವಾಗಿ ಮೂರು ಗಂಟೆಯಾದ ಮೇಲೆ, ಮಲಗುವ ಮುನ್ನ ನುಂಗುವುದು. ಎಂಟಕ್ಕೆ ಊಟ ಮುಗಿಸುವ ಮನೆಗಳಿಗೆ ಇದು ಒಗ್ಗುತ್ತದೆ. ಹತ್ತಕ್ಕೆ ಊಟ ಮಾಡಿ ಹತ್ತೂವರೆಗೆ ಮಲಗುವವರಿಗೆ ಬೇಡ. ನಿಮ್ಮ ವೈದ್ಯರಿಗೆ ಈ ವೇಳಾಪಟ್ಟಿಯನ್ನು ಇದ್ದ ಹಾಗೆಯೇ ಹೇಳಿ. ಹೀರಿಕೆಯಾಗದ 75ರ ಮೇಲೆ 100 ಬರೆದುಕೊಟ್ಟು, ಮುಂದೆ ಎಂದೋ ಸಮಯ ಸರಿಹೋದಾಗ ಅದೇ 100 ಹೆಚ್ಚಾಗಿ, ಎದೆ ಬಡಿತ, ಬೆವರು, ನಿದ್ರಾಹೀನತೆ ಶುರುವಾದವರನ್ನು ಅಂಗಡಿಯಲ್ಲಿ ಕಂಡಿದ್ದೇನೆ. ಮಾತ್ರೆಯ ಡಬ್ಬಿಯನ್ನು ಅಡುಗೆಮನೆಯ ಒಲೆ ಪಕ್ಕದ ಗೂಡಿನಲ್ಲಿ ಇಡಬೇಡಿ. ಶಾಖ ಮತ್ತು ತೇವ ಅದಕ್ಕೆ ಆಗದು. ಮಾತ್ರೆಯ ಕಂಪನಿಯನ್ನೂ ತಿಂಗಳಿಗೊಂದು ಬದಲಿಸಬೇಡಿ.

ವಿಜಯನಗರದ ಓದುಗ:

ನಮ್ಮ ಮನೆಯಲ್ಲಿ ಎಲೆಕೋಸು, ಹೂಕೋಸು, ನವಿಲುಕೋಸು ಎಲ್ಲವನ್ನೂ ನಿಲ್ಲಿಸಿದ್ದೇವೆ. ಆಹಾರದಲ್ಲೇ ಸರಿಪಡಿಸಿಕೊಂಡರೆ ಮಾತ್ರೆಯ ಅಗತ್ಯವೇ ಬೀಳುವುದಿಲ್ಲವೆಂದು ಕೇಳಿದ್ದೇನೆ. ಅದನ್ನೂ ಯೋಚಿಸಬಹುದಲ್ಲವೇ?

ವೈದ್ಯೆ, ಜಯನಗರ:

ಮೇಲಿನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ವಯಸ್ಕರಲ್ಲಿ ಈ ತೊಂದರೆಗೆ ಹೆಚ್ಚಾಗಿ ಕಾರಣ ಹಾಶಿಮೊಟೊ ಕಾಯಿಲೆ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯನ್ನು ನಿಧಾನವಾಗಿ ಹಾಳುಮಾಡುವುದು; ಕೋಸು ಬಿಟ್ಟ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಅಯೋಡಿನ್ ಸೇರಿಸಿದ ಉಪ್ಪು ಬಳಸುವ ಮನೆಯಲ್ಲಿ ಬೇಯಿಸಿದ ಕೋಸಿನ ಪಲ್ಯವನ್ನು ವಾಡಿಕೆಯಷ್ಟು ತಿಂದರೆ ತೊಂದರೆಯಿಲ್ಲ, ಹಾಗೆಯೇ ಹೆಚ್ಚುವರಿ ಅಯೋಡಿನ್ ಗುಳಿಗೆಗಳಿಂದ ಲಾಭವೂ ಇಲ್ಲ.

ಪ್ರಶ್ನೆ ಕೇಳಿದವರಿಗೆ: ಫಾರ್ಮಸಿಸ್ಟ್ ಅವರು ಹೇಳಿದ್ದನ್ನು ಅನುಮೋದಿಸುತ್ತೇನೆ. ಈ ಔಷಧ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಹಿಡಿಯುವುದರಿಂದ, ಸಮಯವನ್ನಾಗಲಿ ಪ್ರಮಾಣವನ್ನಾಗಲಿ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಾದು ಟಿಎಸ್‌ಎಚ್ ನೋಡಿದರೆ ಮಾತ್ರ ಅರ್ಥವಿದೆ. ಗರ್ಭಧಾರಣೆಯ ಯೋಚನೆಯಿದ್ದರೆ ಮಾತ್ರ ಕಾಯದೆ ಮೊದಲೇ ತಿಳಿಸಿ. ಆಗ ಪ್ರಮಾಣದ ಲೆಕ್ಕವೇ ಬೇರೆ.

ಜೋಮಿನ ಬಗ್ಗೆ ಒಂದು ಮಾತು. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದು ಕಿರುಬೆರಳು ಸರಿಯಾಗಿದ್ದರೆ, ಮಣಿಕಟ್ಟಿನೊಳಗೆ ನರ ಒತ್ತಿದೆ ಎಂದು ಶಂಕಿಸಬೇಕು. ಕಾರ್ಪಲ್ ಟನಲ್ ಎನ್ನುವ ಈ ತೊಂದರೆ ಥೈರಾಯ್ಡ್ ಕಡಿಮೆಯಿರುವವರಲ್ಲಿ ಹೆಚ್ಚು, ಏಕೆಂದರೆ ಆ ಇಕ್ಕಟ್ಟಿನ ಜಾಗದಲ್ಲಿ ಊತ ಸೇರುತ್ತದೆ. ಕೀಬೋರ್ಡನ್ನು ಮಾತ್ರ ದೂರಿ ಸುಮ್ಮನಿರಬೇಡಿ. ರಾತ್ರಿ ಮಣಿಕಟ್ಟನ್ನು ನೇರವಾಗಿಡುವ ಪಟ್ಟಿ ಕಟ್ಟಿಕೊಂಡರೆ ಹಲವರಿಗೆ ಉಪಶಮನ ಸಿಗುತ್ತದೆ. ಸುಸ್ತಿಗೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ಸಂಗ್ರಹ ತೋರಿಸುವುದು), ಬಿ12 ಕೂಡ ಪರೀಕ್ಷಿಸಿಕೊಳ್ಳಿ, ಸಸ್ಯಾಹಾರಿಯಾಗಿದ್ದರೆ ಬಿ12 ಖಂಡಿತ. ತೂಕದ ವಿಷಯದಲ್ಲಿ ಹೆಚ್ಚು ನಿರೀಕ್ಷೆ ಬೇಡ: ಥೈರಾಯ್ಡ್‌ನಿಂದ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕಿಲೋ, ಅದರಲ್ಲೂ ಬಹುಪಾಲು ಉಪ್ಪು, ನೀರು. ಟಿಎಸ್‌ಎಚ್ ಸರಿಹೋದ ಮೇಲೂ ಉಳಿಯುವ ತೂಕ ಬಹುಮಟ್ಟಿಗೆ ಊಟ, ನಿದ್ದೆ ಮತ್ತು ಕುರ್ಚಿಗೆ ಸೇರಿದ್ದು.

ಮಾನ್ಯತಾ ಟೆಕ್ ಪಾರ್ಕ್ ಉದ್ಯೋಗಿ:

ಕುರ್ಚಿಯ ಪಾಲಿಗೆ ನನ್ನ ಅನುಭವ ಹೇಳುತ್ತೇನೆ; ನಾನೂ ಇದೇ ಮಾತ್ರೆಯವನು. ಸಂಜೆ ಮನೆ ಸೇರಿ ನಡೆಯುತ್ತೇನೆಂಬ ಸಂಕಲ್ಪ ಹೆಬ್ಬಾಳದ ಮೇಲ್ಸೇತುವೆಯ ಮೇಲೆಯೇ ಮುರಿದುಬೀಳುತ್ತದೆ, ಹಾಗಾಗಿ ಕಚೇರಿಯ ಹೊತ್ತಿನಲ್ಲೇ ನಡಿಗೆಯನ್ನು ತುರುಕಿದೆ. ಲೀಟರ್ ಬಾಟಲಿ ಬಿಟ್ಟು ಸಣ್ಣ ಲೋಟ ಇಟ್ಟುಕೊಂಡಿದ್ದೇನೆ. ಅದು ಬರಿದಾದಾಗಲೆಲ್ಲ ಪ್ಯಾಂಟ್ರಿಯವರೆಗೆ ಏಳಲೇಬೇಕು. ಮಲಬದ್ಧತೆಗೂ ಆ ನೀರು ಒಳ್ಳೆಯದಾಯಿತು. ಊಟವಾದ ಕೂಡಲೇ ಕೂರದೆ ಹತ್ತು ನಿಮಿಷ ಕಟ್ಟಡ ಸುತ್ತುತ್ತೇನೆ, ಮೂರು ಗಂಟೆಯ ತೂಕಡಿಕೆ ಕಡಿಮೆಯಾದದ್ದು ಅದರಿಂದಲೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಶ್ರಮ ಮತ್ತು ಎರಡು ದಿನ ಸ್ನಾಯುಗಳಿಗೆ ಕಸರತ್ತು. ಎರಡನೆಯದನ್ನು ನಾವು ಮರೆತೇಬಿಡುತ್ತೇವೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಹತ್ತು ಸಲ ಮಾಡಿದರೂ ಅದು ಆರಂಭವೇ. ಟಿಎಸ್‌ಎಚ್ ಹೆಚ್ಚಿರುವಾಗ ಸ್ನಾಯುಗಳು ಬೇಗ ನೋಯುತ್ತವೆ, ಆದ್ದರಿಂದ ಮೊದಲ ವಾರವೇ ಜಿಮ್ ಸೇರಬೇಡಿ.

ಬನಶಂಕರಿ ನಿವಾಸಿ:

ಎಲ್ಲರಿಗೂ ಕೃತಜ್ಞತೆಗಳು. ಕಿರುಬೆರಳಿಗೆ ನಿಜವಾಗಿಯೂ ಜೋಮಿಲ್ಲ. ನಮ್ಮಲ್ಲಿ ಊಟ ಎಂಟಕ್ಕೇ ಮುಗಿಯುವುದರಿಂದ ರಾತ್ರಿ ಹನ್ನೊಂದರ ಮಾತ್ರೆಯನ್ನು ವೈದ್ಯರ ಒಪ್ಪಿಗೆ ಪಡೆದು ಪ್ರಯತ್ನಿಸುತ್ತೇನೆ. ಕೂದಲಿಗೆಂದು ಬಯೋಟಿನ್ ಗುಳಿಗೆಯನ್ನೂ ನುಂಗುತ್ತಿದ್ದೇನೆ. ಅದಕ್ಕೂ ಅಂತರ ಬೇಕೇ?

ವೈದ್ಯೆ, ಜಯನಗರ:

ಬಯೋಟಿನ್ ನಿಮ್ಮ ಥೈರಾಯ್ಡ್ ಮಾತ್ರೆಯ ಹೀರಿಕೆಗೆ ಅಡ್ಡಿಯಾಗುವುದಿಲ್ಲ, ಆದರೆ ಪ್ರಯೋಗಾಲಯದ ಪರೀಕ್ಷೆಯನ್ನೇ ಕೆಡಿಸಿ ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸಬಲ್ಲದು. ರಕ್ತ ಕೊಡುವ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಅದನ್ನು ತೆಗೆದುಕೊಳ್ಳುತ್ತಿದ್ದ ವಿಷಯವನ್ನು ನಿಮ್ಮ ವೈದ್ಯರಿಗೂ ತಿಳಿಸಿ. ಬೇಸಿಗೆಯ ಆ 3.1 ಬಂದಾಗಲೂ ನೀವು ಬಯೋಟಿನ್ ನುಂಗುತ್ತಿದ್ದಿರಾ ಎಂದು ಅವರು ಕೇಳಬೇಕಾಗುತ್ತದೆ.