ಅಪ್ಪನ ರೇಡಿಯೊ ಕ್ಯಾಸೆಟ್‌ಗಳನ್ನು ಉಳಿಸಿಕೊಳ್ಳೋದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ಅಪ್ಪ ತೀರಿಕೊಂಡ ಮೇಲೆ ಅಟ್ಟದಿಂದ ಅವರ ಟ್ರಂಕ್ ಇಳಿಸಿದೆವು. ತುಂಬಾ ಕ್ಯಾಸೆಟ್‌ಗಳಿವೆ. ಕೆಲವು ಸ್ಪೂಲ್ ಟೇಪ್‌ಗಳು (ಕ್ಯಾಸೆಟ್ ಚಿಪ್ಪಿಲ್ಲದೆ ಚಕ್ರಕ್ಕೆ ಸುತ್ತಿರೋ ಟೇಪ್), ನೋಟ್‌ಬುಕ್‌ಗಳೂ ಇವೆ. ಅಪ್ಪನಿಗೆ ರೇಡಿಯೊ ಅಂದರೆ ಪ್ರಾಣ. ಬೆಂಗಳೂರು ಆಕಾಶವಾಣಿಯ ನಾಟಕ, ಸಂಗೀತ, ಪ್ರದೇಶ ಸಮಾಚಾರ, ಏನು ಬಂದರೂ ರೆಕಾರ್ಡ್ ಮಾಡುತ್ತಿದ್ದರು. ನೋಟ್‌ಬುಕ್ ತುಂಬ, ರೇಡಿಯೊದಲ್ಲಿ ಹಿಂದಿ ಸಿನಿಮಾ ಹಾಡುಗಳಿಗೆ ವಾರವಾರ ಸ್ಥಾನ ಕೊಡುತ್ತಿದ್ದ ಬಿನಾಕಾ ಗೀತಮಾಲಾದ ಪಟ್ಟಿಗಳಿವೆ. ಒಂದು ಅಂಗಡಿಯಲ್ಲಿ ವಿಚಾರಿಸಿದೆ. "ಹಾಡು ಮಾತ್ರ ಎಂಪಿತ್ರೀ ಮಾಡಿಕೊಡ್ತೀವಿ, ನಡುವಿನ ಮಾತು, ಗೊರಗೊರ ಎಲ್ಲ ತೆಗೆದುಬಿಡ್ತೀವಿ" ಅಂದರು. ಹಾಗೇ ಮಾಡಿಸಲಾ? ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಮಲ್ಲೇಶ್ವರದಿಂದ

ಮೇಡಂ, ದಯವಿಟ್ಟು ಹಾಗೆ ಮಾಡಿಸಬೇಡಿ. ಹಾಡು ಎಲ್ಲಾದರೂ ಸಿಗುತ್ತದೆ. ಗ್ರಾಮಫೋನ್ ರೆಕಾರ್ಡ್‌ನಲ್ಲಿದೆ, ಸಿನಿಮಾದಲ್ಲಿದೆ, ಇಂಟರ್‌ನೆಟ್‌ನಲ್ಲಿದೆ. ಬೇರೆಲ್ಲೂ ಸಿಗದೇ ಇರೋದು ಆ ನಡುವಿನ ಮಾತೇ. ನಿಲಯದ ಹೆಸರು ಹೇಳುವ ದನಿ, ಹಾಡು ಕೋರಿದವರ ಊರುಗಳ ಪಟ್ಟಿ, ಮಾರುಕಟ್ಟೆ ಧಾರಣೆ, ಹವಾಮಾನ, ಸುದ್ದಿಯ ಮುಂಚೆ ಬರುವ ಪೀ ಪೀ ಸದ್ದು. ಸುದ್ದಿಯನ್ನು ಆಗ ನೇರವಾಗಿ ಓದುತ್ತಿದ್ದರು, ಅಲ್ಲಿಗೆ ಮುಗಿಯಿತು. ಟೇಪ್ ದುಬಾರಿ. ಒಂದರ ಮೇಲೆ ಇನ್ನೊಂದು ರೆಕಾರ್ಡ್ ಮಾಡೋದು ರೇಡಿಯೊ ನಿಲಯಗಳಲ್ಲಿ ದಿನನಿತ್ಯದ ಮಾತಾಗಿತ್ತು. ಹಾಗಾಗಿ ಒಂದು ಸಂಜೆಯ ಪ್ರದೇಶ ಸಮಾಚಾರ ಇವತ್ತು ಉಳಿದಿದ್ದರೆ, ಅದು ನಿಮ್ಮ ತಂದೆಯಂಥವರ ಮನೆಯಲ್ಲೇ ಉಳಿದಿರುವ ಸಾಧ್ಯತೆ ಜಾಸ್ತಿ.

ನಮ್ಮ ಚಿಕ್ಕಪ್ಪನ ಕ್ಯಾಸೆಟ್‌ಗಳನ್ನು ನಾನೇ ಕೂತು ಕಂಪ್ಯೂಟರಿಗೆ ಇಳಿಸಿದೆ. ಅವರ ಬಳಿ ರೇಡಿಯೊ, ಟೇಪ್ ರೆಕಾರ್ಡರ್ ಎರಡೂ ಒಂದರಲ್ಲೇ ಇರುವ ಟೂ ಇನ್ ಒನ್ ಇರಲಿಲ್ಲ. ಮರ್ಫಿ ರೇಡಿಯೊ ಮುಂದೆ ಪುಟ್ಟ ಟೇಪ್ ರೆಕಾರ್ಡರ್ ಇಟ್ಟು, ಅದರ ಮೈಕ್‌ನಲ್ಲೇ ರೆಕಾರ್ಡ್ ಮಾಡಿದ್ದರು. ಒಂದು ನಾಟಕದ ನಡುವೆ ಕುಕ್ಕರ್ ಕೂಗುತ್ತದೆ. ಯಾರೋ "ಶ್" ಅಂತಾರೆ. ಆಮೇಲೆ ಚಿಕ್ಕಮ್ಮ ಪಿಸುಗುಟ್ಟಿ "ಎಷ್ಟು ಸೀಟಿ ಆಯ್ತು?" ಅಂತ ಕೇಳುತ್ತಾರೆ. ಅದನ್ನು ನಾನು ತೆಗೆದಿಲ್ಲ, ತೆಗೆಯೋದೂ ಇಲ್ಲ. ಜನ ರೇಡಿಯೊ ಹೇಗೆ ಕೇಳುತ್ತಿದ್ದರು ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ದಾಖಲೆ ಬೇಕಾ?

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಪ್ರತಿ ಕ್ಯಾಸೆಟ್ಟಿನ ಮೇಲಂಚಿನಲ್ಲಿ, ಎರಡು ಮೂಲೆಯಲ್ಲೂ ಒಂದೊಂದು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತದೆ. ಎರಡನ್ನೂ ಮುರಿದುಬಿಡಿ. ಅದು ಮುರಿದಿದ್ದರೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯದು ಅಳಿಸಿಹೋಗಲ್ಲ. ಅದಾದ ಮೇಲೆ ಕ್ಯಾಸೆಟ್ಟಿನ ಮೇಲಿನ ಬರಹ, ಡಬ್ಬಿಯೊಳಗಿನ ಚೀಟಿ, ಬೆನ್ನು, ಎಲ್ಲದರ ಫೋಟೊ ತೆಗೆಯಿರಿ. ನಂಬರ್ ಹಾಕಿ. ಅಪ್ಪ ಇಟ್ಟಿದ್ದ ಕ್ರಮವನ್ನು ಬದಲಿಸಬೇಡಿ. ಯಾವುದರ ಪಕ್ಕ ಯಾವುದಿತ್ತು ಅನ್ನೋದೇ ಎಷ್ಟೋ ಸಲ ತಾರೀಕು ಹೇಳುತ್ತದೆ.

ಕಂಪ್ಯೂಟರಿಗೆ ಇಳಿಸುವಾಗ ಎಂಪಿತ್ರೀ ಬೇಡ. ದನಿಯ ಯಾವ ಭಾಗವನ್ನೂ ಬಿಡದ ವೇವ್ ಅಥವಾ ಫ್ಲ್ಯಾಕ್ ಫೈಲ್ ಮಾಡಿ. ಧ್ವನಿ ಸಂಗ್ರಹಾಲಯಗಳು 24 ಬಿಟ್, 96 ಕಿಲೋಹರ್ಟ್ಜ್ ಇಟ್ಟುಕೊಳ್ಳುತ್ತವೆ. ಮನೆಯ ಕ್ಯಾಸೆಟ್ಟಿಗೆ 24 ಬಿಟ್, 48 ಕಿಲೋಹರ್ಟ್ಜ್ ಸಾಕು. ಸ್ಟೀರಿಯೊದಲ್ಲಿ ಒಂದು ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಈಗಿನ ಹಾರ್ಡ್ ಡಿಸ್ಕ್‌ಗೆ ಅದೇನೂ ಭಾರ ಅಲ್ಲ. ಆಡಾಸಿಟಿ ಅನ್ನೋ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕೆಲಸವೂ ಚೆನ್ನಾಗಿ ಆಗುತ್ತದೆ. ಗೊರಗೊರ ತೆಗೆಯೋ ಆಸೆ ಇದ್ದರೆ ಇನ್ನೊಂದು ಪ್ರತಿ ಮಾಡಿ ಅದರಲ್ಲಿ ತೆಗೆಯಿರಿ. ಮೂಲ ಫೈಲ್ ಹೇಗಿದೆಯೋ ಹಾಗೇ ಇರಲಿ. ಶಾರ್ಟ್‌ವೇವ್‌ನಲ್ಲಿ ಬಂದ ರೇಡಿಯೊ ಸಿಲೋನ್ ದನಿ ಏರುತ್ತಾ ಇಳಿಯುತ್ತಾ ಇರುತ್ತದಲ್ಲ, ಅದನ್ನೂ ಸರಿಮಾಡಲು ಹೋಗಬೇಡಿ.

ರಾಜಾಜಿನಗರದಿಂದ

ನಾನು ಟೇಪ್ ಡೆಕ್, ಅಂದರೆ ಕ್ಯಾಸೆಟ್ ಹಾಕಿ ಓಡಿಸುವ ಯಂತ್ರ, ರಿಪೇರಿ ಮಾಡುತ್ತಿದ್ದವನು. ಮೇಲೆ ಹೇಳಿದವರ ಮಾತು ಸರಿ. ನಾನು ಯಂತ್ರದ ವಿಷಯ ಹೇಳುತ್ತೇನೆ.

ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ತಗೊಳ್ಳಬೇಡಿ. ಅದರ ವೇಗ ಒಂದೇ ಸಮ ಇರಲ್ಲ, ಸಂಗೀತ ಅಲುಗಾಡುತ್ತದೆ. ಹಳೆಯ ಒಳ್ಳೆ ಡೆಕ್ ಹುಡುಕಿ. ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲೂ ಒಮ್ಮೊಮ್ಮೆ ಬರುತ್ತದೆ. ಓಡದ ಡೆಕ್ ಸಿಕ್ಕರೂ ಬೇಜಾರು ಬೇಡ. ಹತ್ತಕ್ಕೆ ಎಂಟು ಸಲ ರಬ್ಬರ್ ಬೆಲ್ಟ್ ಹೋಗಿರುತ್ತದೆ, ಅಷ್ಟೇ. ಹಳೆ ಬೆಲ್ಟ್ ಕರಗಿ ಡಾಂಬರಿನ ಹಾಗೆ ಅಂಟಿಕೊಂಡಿರುತ್ತದೆ. ಒರೆಸಿ ಹೊಸದು ಹಾಕಿದರೆ ಓಡುತ್ತದೆ. ಹೆಡ್ (ಟೇಪ್ ಓದುವ ಭಾಗ) ಮತ್ತು ರೋಲರ್ ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್, ಹತ್ತಿಯ ಕಡ್ಡಿ ಸಾಕು. ಎರಡು ಮೂರು ಕ್ಯಾಸೆಟ್ ಆದಮೇಲೆ ಮತ್ತೆ ಒರೆಸಿ, ಹಳೆ ಟೇಪ್ ಪುಡಿ ಉದುರಿಸುತ್ತಲೇ ಇರುತ್ತದೆ.

ಈಗ ತುಂಬಾ ಜನ ಬಿಟ್ಟುಬಿಡುವ ವಿಷಯ. ಕೇಳಿದಾಗ ‘ಸ’, ‘ಶ’, ‘ಚ’ ಅಕ್ಷರಗಳು ಮೊಂಡಾಗಿ, ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳುತ್ತವಾ? ಟೇಪ್ ಹಾಳಾಗಿದೆ ಅಂದುಕೊಳ್ಳಬೇಡಿ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಎಷ್ಟು ವಾಲಿತ್ತೋ ನಿಮ್ಮ ಹೆಡ್ಡೂ ಅಷ್ಟೇ ವಾಲಿರಬೇಕು. ಹೆಡ್ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಒಂದು ಸಣ್ಣ ಸ್ಕ್ರೂ ಇರುತ್ತದೆ. ಟೇಪ್ ಓಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ತಿರುಗಿಸಿ, ದನಿಯನ್ನು ಮೋನೋದಲ್ಲಿ ಕೇಳಿ. ಒಂದು ಜಾಗದಲ್ಲಿ ‘ಸ’ ಕಾರ ತಟ್ಟನೆ ಚೂಪಾಗುತ್ತದೆ. ಅಲ್ಲೇ ಬಿಡಿ. ಮಂಕಾಗಿದ್ದ ದನಿಯೊಳಗಿಂದ ವಾರ್ತೆ ಓದುವವರ ಒಂದೊಂದು ಅಕ್ಷರ ಬಿಡಿಸಿಕೊಂಡು ಎದ್ದು ಬರೋದನ್ನು ಕೇಳುವ ಖುಷಿ ನನಗೆ ಇವತ್ತಿಗೂ ಹಳತಾಗಿಲ್ಲ. ಬೇರೆ ಬೇರೆ ಯಂತ್ರದಲ್ಲಿ ರೆಕಾರ್ಡ್ ಆದ ಕ್ಯಾಸೆಟ್ಟುಗಳಿಗೆ ಪ್ರತಿ ಸಲ ಇದನ್ನು ಮಾಡಬೇಕು.

ದನಿ ತೀರಾ ಕ್ಷೀಣವಾಗಿದ್ದರೆ ಕ್ಯಾಸೆಟ್ಟಿನ ಬಾಯಿಯ ನಡುವೆ ನೋಡಿ. ತಾಮ್ರದ ಪಟ್ಟಿ ಮೇಲೆ ಪುಟ್ಟ ಫೆಲ್ಟ್ ತುಂಡು ಇರಬೇಕು. ಅಂಟು ಒಣಗಿ ಅದು ಬಿದ್ದುಹೋಗಿರುತ್ತದೆ. ಐದು ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟಿನ ಚಿಪ್ಪಿಗೆ ಟೇಪನ್ನು ವರ್ಗಾಯಿಸಿದರೆ ಸರಿಹೋಗುತ್ತದೆ. ಸಿ-120 (120 ನಿಮಿಷದ ಕ್ಯಾಸೆಟ್) ಇದ್ದರೆ ಹುಷಾರು, ಅದರ ಟೇಪ್ ತುಂಬಾ ತೆಳು. ಫಾಸ್ಟ್ ಫಾರ್ವರ್ಡ್ ಮಾಡಲೇಬೇಡಿ.

ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ ನೇರವಾಗಿ ವೈರ್ ಚುಚ್ಚಬೇಡಿ. ಅದರಲ್ಲಿ ಒಳಗೆ ಬರುವ ದನಿಯ ದಾರಿ ಹೆಡ್‌ಸೆಟ್‌ನ ಮೈಕ್‌ಗೆ ಅಂತ ಇರೋದು, ಡೆಕ್‌ನ ದನಿ ಒಡೆಯುತ್ತದೆ. ಲೈನ್ ಇನ್ (ಡೆಕ್‌ನಂಥ ಯಂತ್ರದ ದನಿಗೆ ಅಂತಲೇ ಇರುವ ತೂತು) ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳಿ.

ಸ್ಪೂಲ್ ವಿಷಯ ಬೇರೆ. ಮೊದಲು ಟೇಪಿನ ಸುರುಳಿಯನ್ನು ಬೆಳಕಿಗೆ ಹಿಡಿಯಿರಿ. ಬೆಳಕು ದಾಟಿ ಬಂದರೆ ಅದು ಅಸಿಟೇಟ್, ಹಳೆಯದು, ಎಳೆದರೆ ಪಟ್ಟನೆ ತುಂಡಾಗುತ್ತದೆ. ವಿನೆಗರ್ ವಾಸನೆ ಬರುತ್ತಿದ್ದರೆ ಅದಕ್ಕೆ ಆಯುಸ್ಸು ಕಡಿಮೆ, ಅದನ್ನೇ ಮೊದಲು ಮಾಡಿ. ಓಡಿಸಿದಾಗ ಒಬ್ಬರು ಸರಿಯಾಗಿ ಮಾತಾಡುತ್ತಾ, ಹಿಂದೆ ಇನ್ನೊಬ್ಬರು ಉಲ್ಟಾ ಮಾತಾಡುತ್ತಿದ್ದರೆ ಗಾಬರಿ ಬೇಡ. ಟೇಪಿನ ಎರಡು ದಿಕ್ಕಿನ ಟ್ರ್ಯಾಕ್‌ಗಳನ್ನು ನಿಮ್ಮ ಯಂತ್ರ ಒಟ್ಟಿಗೆ ಓದುತ್ತಿದೆ ಅಂತ ಅರ್ಥ. ಬೇರೆ ಹೆಡ್ ಇರುವ ಯಂತ್ರ ಬೇಕು. ಸ್ಪೂಲ್‌ಗಳನ್ನು ಅನುಭವ ಇದ್ದವರ ಕೈಗೇ ಕೊಡಿ.

ಜಯನಗರದಿಂದ

ನಾನು ಇತಿಹಾಸ ಪಾಠ ಮಾಡಿದವಳು. ನನಗೆ ಆಸಕ್ತಿ ಇರೋದು ತಾರೀಕಿನಲ್ಲಿ. ಯಾವತ್ತಿನದು ಅಂತ ಗೊತ್ತಿಲ್ಲದ ಸುದ್ದಿಗೆ ಅರ್ಧ ಬೆಲೆ.

ಬೆಂಗಳೂರು ನಿಲಯ ಶುರುವಾದದ್ದು 1955ರಲ್ಲಿ. ಅದಕ್ಕೂ ಮೊದಲು, 1935ರಲ್ಲಿ, ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ್ದರು. ಆಕಾಶವಾಣಿ ಅನ್ನೋ ಹೆಸರು ಆ ನಿಲಯದ್ದೇ. ಕ್ಯಾಸೆಟ್ ಬಂದದ್ದು 1963ರಲ್ಲಿ, ನಮ್ಮ ಮನೆಗಳಿಗೆ ಬರಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಅಂದರೆ ನಿಮ್ಮ ಬಳಿ ಇರುವ ತೀರಾ ಹಳೆಯ ರೆಕಾರ್ಡಿಂಗ್ ಏನಿದ್ದರೂ ಸ್ಪೂಲ್‌ಗಳಲ್ಲಿ ಇರಬೇಕು.

ಸುದ್ದಿಯಲ್ಲಿ "ಮೈಸೂರು ರಾಜ್ಯ" ಅಂದರೆ ಅದು 1973ರ ನವೆಂಬರ್ 1ಕ್ಕೆ ಮುಂಚಿನದು, "ಕರ್ನಾಟಕ" ಅಂದರೆ ಆಮೇಲಿನದು. ಮುಖ್ಯಮಂತ್ರಿಯ ಹೆಸರು ಬಂದರೆ ಇನ್ನೂ ಹತ್ತಿರವಾಗುತ್ತೀರಿ. ಗುಂಡೂರಾಯರಾದರೆ 1980ರಿಂದ 1983ರ ಒಳಗೆ, ರಾಮಕೃಷ್ಣ ಹೆಗಡೆಯವರಾದರೆ 1983ರಿಂದ 1988ರ ಒಳಗೆ. ಚಿನ್ನಸ್ವಾಮಿ ಕ್ರೀಡಾಂಗಣದ ಟೆಸ್ಟ್ ಸ್ಕೋರ್ ಬಂದರಂತೂ ಹಬ್ಬ, ದಿನವೇ ಸಿಕ್ಕಿಬಿಡುತ್ತದೆ. ಅಲ್ಲಿನ ಮೊದಲ ಟೆಸ್ಟ್ 1974ರ ನವೆಂಬರ್‌ನಲ್ಲಿ, ವೆಸ್ಟ್ ಇಂಡೀಸ್ ಜೊತೆ. ಸಂಸ್ಕೃತ ವಾರ್ತೆ ಸಿಕ್ಕರೆ ಅದು 1974ಕ್ಕಿಂತ ಹಿಂದಿನದಲ್ಲ.

ನಾಟಕಕ್ಕೂ ಸಂಗೀತ ಕಚೇರಿಗೂ ಪತ್ರಿಕೆ ನೋಡಬೇಕು. ಹಳೆ ದಿನಪತ್ರಿಕೆಗಳು ದಿನದ ರೇಡಿಯೊ ಕಾರ್ಯಕ್ರಮದ ಪಟ್ಟಿ ಹಾಕುತ್ತಿದ್ದವು. ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಹಳೆ ಸಂಪುಟ ಕೇಳಿ ನೋಡಿ. ಆಕಾಶವಾಣಿಯದೇ ‘ದಿ ಇಂಡಿಯನ್ ಲಿಸನರ್’ ಪತ್ರಿಕೆಯ ಎಷ್ಟೋ ಸಂಚಿಕೆಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಇವೆ. ತಾರೀಕು ಹೇಗೆ ಗೊತ್ತಾಯಿತು ಅಂತಲೂ ಒಂದು ಸಾಲು ಬರೆದಿಡಿ. "ಸುಮಾರು 1982, ಗೋಕಾಕ್ ಚಳವಳಿಯ ಸುದ್ದಿ ಇದೆ" ಅಂತ ಬರೆದರೆ ಮುಂದೆ ಇನ್ನೊಬ್ಬರು ಅದನ್ನು ತಿದ್ದಬಹುದು.

ಮತ್ತೆ ರಾಜಾಜಿನಗರದಿಂದ

ಜಯನಗರದ ಮೇಡಂ ತಾರೀಕಿನ ಬಗ್ಗೆ ಹೇಳಿದರು, ನಾನು ವೇಗದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಹಳೆ ರೆಕಾರ್ಡಿಂಗ್‌ನಲ್ಲಿ ಕರೆಂಟಿನ ಗುಂಯ್ ಸದ್ದು ಇರುತ್ತದಲ್ಲ, ಅದು 50 ಹರ್ಟ್ಜ್. ಆಡಾಸಿಟಿಯಲ್ಲಿ ಸ್ಪೆಕ್ಟ್ರಮ್ (ಎಷ್ಟು ಹರ್ಟ್ಜ್‌ನಲ್ಲಿ ಎಷ್ಟು ಸದ್ದಿದೆ ಅನ್ನೋ ನಕ್ಷೆ) ನೋಡಿ. 52ರಲ್ಲಿ ಕಾಣಿಸಿದರೆ ಟೇಪ್ 4 ಶೇಕಡಾ ಜಾಸ್ತಿ ವೇಗದಲ್ಲಿ ಓಡುತ್ತಿದೆ. ಸಂಗೀತದ ಶ್ರುತಿ ಸರಿಯಾಗಿ ಸಿಗಬೇಕಾದರೆ ಇದು ಬೇಕೇ ಬೇಕು. ಅದಕ್ಕೇ ಹೇಳೋದು, ಗೊರಗೊರ ತೆಗೆಯೋ ಮುಂಚೆ ಸ್ವಲ್ಪ ತಾಳಿ ಅಂತ.

ಶೇಷಾದ್ರಿಪುರಂನಿಂದ

ಎಲ್ಲರೂ ಟೇಪ್ ಬಗ್ಗೆ ಹೇಳಿದಿರಿ, ನೋಟ್‌ಬುಕ್ ಮರೆತುಬಿಟ್ಟಿರಿ! ನನಗೆ ಅದೇ ದೊಡ್ಡ ನಿಧಿ.

ಗೀತಮಾಲಾ 1952ರಲ್ಲಿ ರೇಡಿಯೊ ಸಿಲೋನ್‌ನಲ್ಲಿ ಶುರುವಾಯಿತು. ಆಗ ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರ ಇಟ್ಟಿತ್ತು. ಬುಧವಾರ ರಾತ್ರಿ 8 ಗಂಟೆಗೆ ಅದರ ನಿರೂಪಕ ಅಮೀನ್ ಸಯಾನಿ ಅವರ ದನಿ ಬಂದರೆ ಬೆಂಗಳೂರಿನ ಬೀದಿಗಳಲ್ಲೂ ಕೇಳುತ್ತಿತ್ತು. ವಿವಿಧ ಭಾರತಿ ಬಂದದ್ದು 1957ರಲ್ಲಿ. 1989ರಲ್ಲಿ ಗೀತಮಾಲಾನೇ ವಿವಿಧ ಭಾರತಿಗೆ ಬಂತು. ರೆಕಾರ್ಡ್ ಅಂಗಡಿಗಳ ಮಾರಾಟ, ಶ್ರೋತೃ ಸಂಘಗಳ ಪತ್ರ, ಎರಡನ್ನೂ ನೋಡಿ ಹಾಡುಗಳ ಸ್ಥಾನ ನಿರ್ಧಾರ ಮಾಡುತ್ತಿದ್ದರು. ವರ್ಷದ ಕೊನೆಯ ಪಟ್ಟಿಗಳು ಈಗ ಸುಲಭವಾಗಿ ಸಿಗುತ್ತವೆ. ವಾರವಾರದ ಪಟ್ಟಿ ಅಷ್ಟು ಸುಲಭ ಅಲ್ಲ. ನಿಮ್ಮ ತಂದೆ ಕೂತು ಕೇಳಿ ಬರೆದದ್ದು ಅದನ್ನೇ. ಯಾವ ಹಾಡು ಎರಡು ಮೆಟ್ಟಿಲು ಇಳಿದು ಮತ್ತೆ ಹತ್ತಿತು ಅನ್ನೋದು ವಾರದ ಪಟ್ಟಿಯಲ್ಲೇ ಕಾಣೋದು.

ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿ, ಖಾಲಿ ಪುಟ, ರಟ್ಟು ಸೇರಿ. ಆಮೇಲೆ ಎಕ್ಸೆಲ್‌ನಲ್ಲಿ ತಾರೀಕು, ಸ್ಥಾನ, ಹಾಡು, ಸಿನಿಮಾ ಅಂತ ಕಾಲಂ ಮಾಡಿ. ಅಪ್ಪ ಹಾಡಿನ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆದಿದ್ದರೋ ಹಾಗೇ ಒಂದು ಕಾಲಂನಲ್ಲಿ ಇರಲಿ. ಅಂಚಿನಲ್ಲಿ "ಕರೆಂಟ್ ಹೋಯ್ತು" ಅಂತ ಬರೆದಿದ್ದರೆ ಅದನ್ನೂ ಬಿಡಬೇಡಿ, ಆ ವಾರದ ಪಟ್ಟಿ ಯಾಕೆ ಅರ್ಧಕ್ಕೆ ನಿಂತಿದೆ ಅಂತ ಗೊತ್ತಾಗುತ್ತದೆ. ಆಗ ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು, ಟ್ರಂಕಿನಲ್ಲಿ ಆ ಲೈಸೆನ್ಸ್ ಪುಸ್ತಕ ಇದೆಯಾ ನೋಡಿ. ಅಂಚೆ ಕಚೇರಿಯ ಮುದ್ರೆಗಳಿಂದ ಮನೆಗೆ ರೇಡಿಯೊ ಯಾವಾಗ ಬಂತು ಅಂತ ತಿಳಿಯುತ್ತದೆ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಅಂಗಡಿಗೆ ಕೊಡಲ್ಲ ಅಂತ ತೀರ್ಮಾನ ಮಾಡಿದೆ. ಲೈಸೆನ್ಸ್ ಪುಸ್ತಕ ಇದೆ! ಇನ್ನೆರಡು ಪ್ರಶ್ನೆ. ಕೆಲವು ಟೇಪ್‌ಗಳ ಅಂಚಿನಲ್ಲಿ ಬಿಳಿ ಪುಡಿ ಇದೆ. ಮತ್ತೆ, ಇದನ್ನೆಲ್ಲ ಯೂಟ್ಯೂಬ್‌ಗೆ ಹಾಕಬಹುದಾ?

ಮಲ್ಲೇಶ್ವರದಿಂದ

ಬಿಳಿ ಪುಡಿ ಬಹುಶಃ ಬೂಷ್ಟು. ಅವನ್ನು ಬೇರೆ ಪೆಟ್ಟಿಗೆಗೆ ಹಾಕಿ, ಮಿಕ್ಕವುಗಳ ಜೊತೆ ಇಡಬೇಡಿ. ಡೆಕ್‌ಗೆ ಹಾಕಿದರೆ ಅಲ್ಲಿಂದ ಒಳ್ಳೆ ಟೇಪಿಗೂ ಹತ್ತುತ್ತದೆ. ಒಣಗಿದ ಜಾಗದಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಕೆಲವು ದಿನ ಇಡಿ. ಆಮೇಲೆ ಮಾಸ್ಕ್ ಹಾಕಿಕೊಂಡು, ಬಾಲ್ಕನಿಯಲ್ಲಿ ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ಎಲ್ಲವನ್ನೂ ಅಟ್ಟಕ್ಕೆ ವಾಪಸ್ ಹಾಕಬೇಡಿ, ಅಲ್ಲಿ ಬೇಸಿಗೆಯಲ್ಲಿ ಕಾವು ಜಾಸ್ತಿ. ಮಲಗುವ ಕೋಣೆಯ ಬೀರುವಿನಲ್ಲಿ, ನೆಟ್ಟಗೆ ನಿಲ್ಲಿಸಿ ಇಡಿ. ಸ್ಪೀಕರ್ ಹತ್ತಿರ ಬೇಡ, ಅದರಲ್ಲಿ ಅಯಸ್ಕಾಂತ ಇದೆ.

ಯೂಟ್ಯೂಬ್ ಬಗ್ಗೆ ಅವಸರ ಬೇಡ. ನಮ್ಮ ಕಾನೂನಿನಲ್ಲಿ ಪ್ರಸಾರದ ಹಕ್ಕು 25 ವರ್ಷ ಇರುತ್ತದೆ. ಆದರೆ ಒಳಗಿನ ಹಾಡಿನ ರೆಕಾರ್ಡಿಂಗ್ ಹಕ್ಕು 60 ವರ್ಷ, ನಾಟಕ ಬರೆದವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ. ಮೊದಲು ಪಟ್ಟಿಯನ್ನು ಮಾತ್ರ ಎಲ್ಲರಿಗೂ ಕಾಣುವಂತೆ ಹಾಕಿ. ಏನೇನಿದೆ ಅಂತ ಗೊತ್ತಾದರೆ ಬೇಕಾದವರು ತಾವಾಗಿ ಹುಡುಕಿಕೊಂಡು ಬರುತ್ತಾರೆ. ನಾಟಕದಲ್ಲಿ ದನಿ ಕೊಟ್ಟ ಕಲಾವಿದರ ಮನೆಯವರಿಗೆ ಒಂದು ಪ್ರತಿ ತಲುಪಿಸಿ, ಅವರ ಬಳಿ ಅದು ಇರೋದು ಅಪರೂಪ. ರಾಜಭವನ ರಸ್ತೆಯ ಆಕಾಶವಾಣಿ ಕಚೇರಿಗೂ ಪಟ್ಟಿ ಜೊತೆ ಒಂದು ಪತ್ರ ಬರೆಯಿರಿ. ಫೈಲ್‌ಗಳ ಮೂರು ಪ್ರತಿ ಇರಲಿ. ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ನಲ್ಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ. ಕಂಪ್ಯೂಟರಿಗೆ ಇಳಿಸಿ ಆಯಿತು ಅಂತ ಮೂಲ ಟೇಪ್‌ಗಳನ್ನು ಮಾತ್ರ ಎಸೆಯಬೇಡಿ. ಬಿಡುವಾದಾಗ ಆ ಡೆಕ್ ತಗೊಳ್ಳೋಕೆ ಎಸ್.ಪಿ. ರಸ್ತೆಗೆ ಹೋಗೋಣ, ನಾನೂ ಬರುತ್ತೇನೆ. ಅಪ್ಪನ ಕ್ಯಾಸೆಟ್ ಅಲ್ಲ, ಹೋದರೂ ಪರವಾಗಿಲ್ಲ ಅನ್ನೋ ಒಂದು ಕ್ಯಾಸೆಟ್ ತನ್ನಿ. ಅಲ್ಲೇ ಹಾಕಿ ಕೇಳಿ ನೋಡಿಯೇ ತಗೊಳ್ಳೋಣ.