ಈ ವಾರದ ಸಮಸ್ಯೆ: ಮನ್ನಿಸಿದವನೆ ಸಾಲಗಾರನು

ಕುಂದಾಪ್ರೇಮಿ, ಬೆಳಗಾವಿ:
ಶರಣ್ರೀ ಎಲ್ಲಾರಿಗೂ. ಪದ್ಯದ ಕೊನೀ ಸಾಲು ಮ್ಯಾಲೆ ಕೊಟ್ಟೀನಿ. ಬಿಟ್ಟುಕೊಟ್ಟಾಂವನ ಸಾಲಗಾರ ಹೆಂಗಾದ ಅಂತ ತಲಿ ಕೆರ್ಕೊಂಡು ಉಳಿದ ಮೂರು ನೀವು ತುಂಬ್ರಿ. ಸಾಲಿಗೆ 14 ಮಾತ್ರೆ (ಲಘುವಿಗೆ ಒಂದು, ಗುರುವಿಗೆ ಎರಡು), 3+4+3+4, ಭಾಮಿನಿ ಷಟ್ಪದಿ ನಡಿಗೀನ, ಆದ್ರ ಆರು ಸಾಲು ಬ್ಯಾಡ, ನಾಕ ಸಾಕು. ನ್ನ ಪ್ರಾಸ, ಅಂದ್ರ ಪ್ರತಿ ಸಾಲಿನ ಎರಡನೇ ಅಕ್ಷರದಾಗ ನ್ನ, ಬಿಡಂಗಿಲ್ಲ.

ಗುಮ್ಮಟದಗುಬ್ಬಿ, ವಿಜಯಪುರ:
ಇದು ರೊಕ್ಕದ ಲೆಕ್ಕ ಬಿಡ್ರಿ, ಭಾಳ ಸಸಾರ.

ಅನ್ನದಾತನ ಸಾಲ ಮನ್ನಿಸಿ
ಹೊನ್ನು ಸಾಲದೆ ಬರಿದು ಬೊಕ್ಕಸ
ಬೆನ್ನ ಬಾಗಿಸಿ ದೊರೆಯೆ ಬೇಡಿದ
ಮನ್ನಿಸಿದವನೆ ಸಾಲಗಾರನು

ಯಾವ ದೊರಿ ಅಂತ ಕೇಳಬ್ಯಾಡ್ರಿ, ಪಕ್ಷದ ಜಗಳ ಶುರು ಆಗ್ತದ.

ಇಳಕಲ್‌ಸೆರಗು, ಬಾಗಲಕೋಟೆ:
ನಿನ್ನ ತಪ್ಪನು ಬಿಟ್ಟೆ ಎಂದೆನು
ಕಣ್ಣ ಮುಂದೆಯೆ ಗಂಟು ಬಿಚ್ಚಿತು
ನನ್ನ ಹೊರೆಯೇ ಇಳಿದು ಹೋಯಿತು
ಮನ್ನಿಸಿದವನೆ ಸಾಲಗಾರನು

ಕುಂದಾಪ್ರೇಮಿ:
ಅಕ್ಕಾರ, ಮಾತ್ರೆ ಚೊಕ್ಕ ಅದಾವ್ರಿ, ಆದ್ರ ಎರಡನೇ ಸಾಲಿನ್ಯಾಗ ಣ್ಣ ಬಂದು ಪ್ರಾಸ ಜಾರೇತಿ.

ಇಳಕಲ್‌ಸೆರಗು:
ಅಯ್ಯ ಹೌದಲ್ಲ! ರೊಟ್ಟಿ ಬಡಕೋತ ಟೈಪ್ ಮಾಡಿದ್ರ ಹಿಂಗ ಆಗೂದು. "ನಿನ್ನೆ ತನಕದ ಗಂಟು ಬಿಚ್ಚಿತು" ಅಂತ ಓದ್ಕೋರಿ. ಒಂದು ಕೇಳ್ಲಿ? ನಮ್ಮ ಮನ್ಯಾಗ ಯಾರೂ ಮನ್ನಿಸು ಅನ್ನಂಗಿಲ್ಲ, "ತಪ್ಪಾತು, ಹೊಟ್ಯಾಗ ಹಾಕ್ಕೋರಿ" ಅಂತಾರ. ಈ ಶಬ್ದ ಎಲ್ಲಿಂದ ಬಂತ್ರಿ?

ಹಳೇಮಾಸ್ತರ, ವಿಜಯಪುರ:
ಅಲ್ಲೇ ಮಜಾ ಇರೂದು ತಂಗಿ. ಸಂಸ್ಕೃತದ ಮಾನ್ಯ ಸವದು ಮನ್ನ ಆತು, ಅದಕ್ಕ ಇಸು ಹಚ್ಚಿದ್ರ ಮನ್ನಿಸು. ಹಳಗನ್ನಡದಾಗ ಮನ್ನಿಸು ಅಂದ್ರ ಗೌರವಾ ಕೊಡು ಅಂತ, ಮನ್ನಣೆ ಅದರ ತಂಗೀನ. ಶಾಸನದಾಗ ಮನ್ನೆಯ ಅಂತ ಬರ್ತಾನಲ್ಲ, ಆ ಸಾಮಂತನೂ ಇದೇ ಮನಿತನದಾಂವ. ಕ್ಷಮೆ ಅಂದ್ರ ತಡ್ಕೊಳ್ಳೂದು, ಅದಕ್ಕ ಭೂಮಿಗೂ ಕ್ಷಮಾ ಅಂತ ಹೆಸರು, ಮತ್ತ ನಿಮ್ಮ ಹೊಟ್ಯಾಗ ಹಾಕ್ಕೊಳ್ಳೂದು ಇದಕ್ಕ ಭಾಳ ಹತ್ರ. ನಾವು ಬಜಾರದಾಗ ಮಾಫ್ ಮಾಡ್ರಿ ಅಂತೀವಲ್ಲ, ಅದು ಅರಬ್ಬಿ, ಮೂಲದಾಗ ಅಳಿಸಿಹಾಕೂದು. ಬಿಡುಗಡೆಯ ಬಿಡು ಮಾತ್ರ ಪಕ್ಕಾ ನಮ್ಮದು, ತಮಿಳು ತೆಲುಗಿನ್ಯಾಗ ವಿಡು. ಅಂದ್ರ ಒಬ್ಬಾಂವ ತಡ್ಕೋತಾನ, ಒಬ್ಬಾಂವ ಅಳಸ್ತಾನ, ಒಬ್ಬಾಂವ ಕೈ ಬಿಡ್ತಾನ, ಮನ್ನಿಸಾಂವ ಮಾತ್ರ ಎದುರಿನವಗ ಮಾನ ಕೊಡಬೇಕು. ಗುಬ್ಬಿ ಸಾಹೇಬ್ರು ರೊಕ್ಕ ಹಿಡದ್ರು, ಮಾನ ಬಿಟ್ರು. ನಂದೂ ಒಂದು ತಗೋರಿ:

ಮೊನ್ನೆ ಬೈದವ ತಾನೆ ಬಂದನು
ಬನ್ನಿ ಕೊಡುತಲಿ ಕೈಯ ಹಿಡಿದನು
ಚಿನ್ನ ಪಡೆದೆನು ಏನು ಕೊಡುವೆನು
ಮನ್ನಿಸಿದವನೆ ಸಾಲಗಾರನು

ಗುಮ್ಮಟದಗುಬ್ಬಿ:
ಸೋತ್ನಿ ಸರ್. ದಸರಾದಾಗ "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂತ ಬರೇ ಬಾಯಿಲೆ ಅಂದು ಮುಂದಿನ ಮನೀಗೆ ಓಡ್ತಿದ್ನಿ.

ಇಳಕಲ್‌ಸೆರಗು:
ಹೋದ ವರ್ಷದ ಬನ್ನಿ ಎಲಿ ನನ್ನ ಕಪಾಟಿನ್ಯಾಗ ಸೀರಿ ಮಡಿಕಿ ನಡುವ ಒಣಗಿ ಐತ್ರಿ ಸರ್. ಕೊಟ್ಟಾಕಿ ನಮ್ಮ ನೆಗೆಣ್ಣಿ. ತಗೊಂಡ್ನಿ ಖರೆ, ತಿರುಗಿ ಕೊಟ್ಟಿಲ್ಲ.