ಸಹಾಯ ಬೇಕು: ಕಲ್ಲಿದ್ದಲು ಗಣಿ ಸುತ್ತಲಿನ ಅಂತರ್ಜಲದ ಲೆಕ್ಕ ಹೊಂದುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ತೆರೆದ ಕಲ್ಲಿದ್ದಲು ಗಣಿಯೊಂದರ ಸುತ್ತಲಿನ ಬಾವಿಗಳ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಅಂತರ್ಜಲದ ವಿಷಯ ಗೊತ್ತಿರುವವರು ಸ್ವಲ್ಪ ನೋಡಿ.

ಗಣಿಯೊಳಗೆ ನೀರು ನಿಲ್ಲಬಾರದು ಅಂತ ಪಂಪ್ ಓಡುತ್ತಲೇ ಇರುತ್ತದೆ. ಹಾಗಾಗಿ ಗಣಿ ಹತ್ತಿರ ನೀರಿನ ಮಟ್ಟ ತುಂಬಾ ಕೆಳಗಿದ್ದು, ದೂರ ಹೋದಂತೆ ಮೇಲೆ ಬರಬೇಕು ಅಲ್ವಾ? ನನ್ನ ನೀರಿನ ಮಟ್ಟದ ನಕ್ಷೆ ಹಾಗೆ ಬರುತ್ತಿಲ್ಲ. ಗಣಿ ಅಂಚಿನ ತೆರೆದ ಬಾವಿಯಲ್ಲಿ ನೀರು ಚೆನ್ನಾಗಿದೆ, ಅದಕ್ಕಿಂತ ದೂರದ ಕೊಳವೆಬಾವಿ ಬತ್ತಿದೆ! ಮೇಲಿನ ಮಣ್ಣಿನ ನೀರಿಗೂ ಕಲ್ಲಿದ್ದಲಿನ ಜೊತೆಗಿರುವ ಮರಳುಗಲ್ಲಿನ ನೀರಿಗೂ ನಡುವೆ ಜೇಡಿಗಲ್ಲಿನ ಪದರ ಅಡ್ಡ ಬಂದಿದೆಯೇನೋ. ಹಾಗಿದ್ದರೆ ಎರಡಕ್ಕೂ ಬೇರೆ ಬೇರೆ ನಕ್ಷೆ ಮಾಡಬೇಕಾ?

ನೀರಿನ ಗುಣದ್ದು ಇನ್ನೊಂದು ತಲೆನೋವು. ಕಲ್ಲಿದ್ದಲಿನಲ್ಲಿರುವ ಪೈರೈಟ್‌ಗೆ (ಕಬ್ಬಿಣ, ಗಂಧಕ ಸೇರಿದ ಖನಿಜ) ಗಾಳಿ, ನೀರು ತಾಗಿದರೆ ಗಂಧಕಾಮ್ಲ ಹುಟ್ಟುತ್ತದೆ, ಪಿಎಚ್ (ಆಮ್ಲ ಹೆಚ್ಚಿದಷ್ಟು ಇಳಿಯುವ ಅಳತೆ) ಬೀಳುತ್ತದೆ. ಇಲ್ಲಿ ಪಿಎಚ್ 7ಕ್ಕಿಂತ ಮೇಲೇ ಇದೆ. ಆ ಆಮ್ಲದಿಂದ ಬರುವ ಸಲ್ಫೇಟ್ ಮತ್ತು ನೀರಿನ ಗಡಸುತನ ಮಾತ್ರ ಜಾಸ್ತಿ. ಸುಣ್ಣದ ಅಂಶವಿರುವ ಕಲ್ಲು ಆಮ್ಲವನ್ನೆಲ್ಲ ತಿಂದುಹಾಕಿದೆ ಅನ್ನುವುದು ನನ್ನ ಊಹೆ. ಸೇದಿದಾಗ ತಿಳಿಯಾಗಿದ್ದ ನೀರು ಬಕೆಟ್‌ನಲ್ಲಿಟ್ಟರೆ ಕೆಂಚಗಾಗುತ್ತದೆ, ತಳದಲ್ಲಿ ತುಕ್ಕಿನ ಬಣ್ಣದ ಗಸಿ ಕೂರುತ್ತದೆ. ಅದು ಕಬ್ಬಿಣವೇ ಇರಬೇಕು. ಆದರೂ ಲ್ಯಾಬ್ ವರದಿಯಲ್ಲಿ ಕಬ್ಬಿಣ ಕಡಿಮೆ! ಕಬ್ಬಿಣ ತಳಕ್ಕೆ ಕೂರದೆ ನೀರಲ್ಲೇ ಕರಗಿರಲಿ ಅಂತ ಸ್ಯಾಂಪಲ್‌ಗೆ ಸ್ಥಳದಲ್ಲೇ ಹಾಕುವ ನೈಟ್ರಿಕ್ ಆಮ್ಲವನ್ನು ನಾನು ಹಾಕಿರಲಿಲ್ಲ, ಅದಕ್ಕೇನಾ?

ಮುಖ್ಯ ಪ್ರಶ್ನೆ ಇದು. ಸುತ್ತ ಹೊಲಗಳಿಗೂ ಕೊಳವೆಬಾವಿ ನೀರೇ, ಮಳೆಯೂ ವರ್ಷದಿಂದ ವರ್ಷಕ್ಕೆ ಏರುಪೇರು. ಗಣಿ ಶುರುವಾಗುವ ಮುಂಚಿನ ಅಳತೆ ಸಿಕ್ಕಿಲ್ಲ. ನೀರು ಇಳಿದದ್ದರಲ್ಲಿ ಗಣಿಯ ಪಾಲು ಎಷ್ಟು ಅಂತ ಬೇರ್ಪಡಿಸುವುದು ಹೇಗೆ? ಸುಮ್ನೆ ಗಣಿಯನ್ನೇ ದೂರುವುದು ಬೇಡ. ಇಂಥ ಕೆಲಸ ಮಾಡಿದವರಿದ್ದರೆ ದಯವಿಟ್ಟು ಹೇಳಿ, ಬಾವಿಗಳ ಆಳ ಮತ್ತು ಮಟ್ಟದ ಪಟ್ಟಿ ಕಳಿಸುತ್ತೇನೆ.